ಜಗಲಿಯವನಿಗೂ ಒಂದು ಪ್ರತಿ

ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಮತ್ತೆ ಟೈಪು ಮಾಡಿ, ಕರಡು ತಿದ್ದುವ ಕೆಲಸ ಹಿಡಿದಿದ್ದಾರೆ. ಮೇಜಿನ ಮೇಲೆ ಎರಡು ಮಾನಿಟರ್. ಎಡಗಡೆಯದು ಎಲ್ಲರ ಮನೆಯಲ್ಲಿರುವಂತೆ ಅಡ್ಡಲಾಗಿದೆ, ಅದರಲ್ಲಿ ಟೈಪು ಮಾಡುತ್ತಾರೆ. ಬಲಗಡೆಯದನ್ನು ತಿರುಗಿಸಿ ಉದ್ದಕ್ಕೆ ನಿಲ್ಲಿಸಿದ್ದಾರೆ, ಪುಸ್ತಕದ ಇಡೀ ಪುಟ ತಲೆಯಿಂದ ಕಾಲಿನ ತನಕ ಒಟ್ಟಿಗೆ ಕಾಣಲಿ ಎಂದು. ಕಂಪ್ಯೂಟರಿನಲ್ಲಿ ಉಬುಂಟು 24.04 ಹಾಕಿಕೊಟ್ಟವನು ನಾನು. ಒಂದು ಬೆಳಿಗ್ಗೆ ಫೋನ್ ಬಂತು.

"ಲೋ, ನಿನ್ನ ಲಿನಕ್ಸ್ ಅಡ್ಡಬಿದ್ದಿದೆ ಮಾರಾಯ. ಪಾಸ್‌ವರ್ಡ್ ಕೇಳೋ ಜಾಗ ನಿಲ್ಲಿಸಿದ ಮಾನಿಟರಲ್ಲಿ ಬರ್ತದೆ, ಅದೂ ಮಲಗಿಕೊಂಡು. ಕತ್ತು ವಾಲಿಸಿ ನೋಡಬೇಕು."

"ಲಾಗಿನ್ ಆದ ಮೇಲೆ ಹೇಗಿರ್ತದೆ ಚಿಕ್ಕಪ್ಪ?"

"ಆಮೇಲೆ ಎಲ್ಲ ಸರಿ. ತಾನಾಗಿ ಎದ್ದು ನಿಲ್ತದೆ."

"ಮಧ್ಯೆ ಊಟಕ್ಕೆ ಎದ್ದು ಹೋದಾಗ ಸ್ಕ್ರೀನ್ ಲಾಕ್ ಆಗ್ತದಲ್ಲ, ಆಗ?"

"ಆಗಲೂ ಸರಿಯೇ. ಬೆಳಿಗ್ಗೆ ಶುರು ಮಾಡುವಾಗ ಮಾತ್ರ ಈ ಅವಸ್ಥೆ."

ಈ ಮೂರು ಮಾತುಗಳಲ್ಲೇ ಕಾಯಿಲೆಯ ಗುರುತು ಇತ್ತು. ಮಾನಿಟರಿನಲ್ಲಿ ದೋಷವಿಲ್ಲ, ಕೇಬಲಿನಲ್ಲಿ ದೋಷವಿಲ್ಲ, ಚಿಕ್ಕಪ್ಪ ಮಾಡಿಕೊಂಡ ಸೆಟ್ಟಿಂಗಿನಲ್ಲೂ ದೋಷವಿಲ್ಲ. ಆ ಸೆಟ್ಟಿಂಗು ತಲುಪಬೇಕಾದ ಇನ್ನೊಬ್ಬನಿಗೆ ತಲುಪಿಲ್ಲ, ಅಷ್ಟೆ. ಎರಡು ಅಥವಾ ಮೂರು ಮಾನಿಟರ್ ಇಟ್ಟುಕೊಂಡು ಲಿನಕ್ಸ್ ಬಳಸುವ ಬಹಳ ಜನರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ. ಕೆಲವರಿಗೆ ಲಾಗಿನ್ ಪೆಟ್ಟಿಗೆ ಮಲಗಿರುತ್ತದೆ. ಕೆಲವರಿಗೆ ಅದು ಆರಿಸಿಟ್ಟ ಟಿವಿಯ ಮೇಲೆ ಮೂಡಿ, ಎದುರಿಗಿರುವ ಲ್ಯಾಪ್‌ಟಾಪಿನಲ್ಲಿ ಬರೀ ಬೂದುಬಣ್ಣ ಕಾಣುತ್ತದೆ. ಪಾಠದ ಕೋಣೆಗಳಲ್ಲಿ ಅದು ಪ್ರೊಜೆಕ್ಟರ್ ಹತ್ತಿ ಕೂತಿರುತ್ತದೆ. ಕಂಪ್ಯೂಟರೇ ಕೆಟ್ಟಿತು ಎಂದು ಹೆದರಿ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಿದವರನ್ನು ನಾನು ಕಂಡಿದ್ದೇನೆ. ಅಷ್ಟು ದೂರ ಹೋಗುವ ಅಗತ್ಯವೇ ಇರಲಿಲ್ಲವಲ್ಲ ಎಂದು ಪ್ರತಿ ಸಲವೂ ಸಂಕಟವಾಗುತ್ತದೆ. ಈ ಅಂಕಣ ಅದಕ್ಕಾಗಿ.

ಗುಂಡಿ ಒತ್ತಿದ ಗಳಿಗೆಯಿಂದ ಡೆಸ್ಕ್‌ಟಾಪ್ ಮೂಡುವ ತನಕ ಪರದೆಯ ಮೇಲೆ ಬರೆಯುವ ಕೈ ಒಂದೇ ಅಲ್ಲ. ಮೊದಲು ಮದರ್‌ಬೋರ್ಡಿನ ಫರ್ಮ್‌ವೇರ್ ತಯಾರಕರ ಲಾಂಛನ ತೋರಿಸುತ್ತದೆ. ಆಮೇಲೆ ಲಿನಕ್ಸ್ ಕರ್ನಲ್ ಎದ್ದು, ಸಿಕ್ಕಿದ ಮಾನಿಟರುಗಳನ್ನೆಲ್ಲ ಹೊತ್ತಿಸುತ್ತದೆ. ಅದರ ಮೇಲೆ ಪ್ಲಿಮತ್ ಎಂಬ ಪುಟ್ಟ ಪ್ರೋಗ್ರಾಂ ತಿರುಗುವ ಚಕ್ರ ಬಿಡಿಸುತ್ತದೆ. ಮೂರನೆಯ ಕೈ ಡಿಸ್‌ಪ್ಲೇ ಮ್ಯಾನೇಜರಿನದು. ನಮ್ಮ ಹೆಸರು, ಪಾಸ್‌ವರ್ಡ್ ಕೇಳುವ ಅದರ ಮುಖಕ್ಕೆ ಗ್ರೀಟರ್ ಎಂದು ಹೆಸರು. ಪಾಸ್‌ವರ್ಡ್ ಸರಿಹೋದ ಮೇಲೆ ನಾಲ್ಕನೆಯದಾಗಿ ನಮ್ಮ ಸೆಷನ್ ಶುರು. ಯಾವ ಮಾನಿಟರ್ ಮುಖ್ಯ, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದನ್ನು ತಿರುಗಿಸಿ ನಿಲ್ಲಿಸಿದೆ ಎಂಬುದನ್ನು ಈ ನಾಲ್ವರೂ ತಂತಮ್ಮಷ್ಟಕ್ಕೆ ತೀರ್ಮಾನಿಸುತ್ತಾರೆ. ಒಬ್ಬ ಮಾಡಿಟ್ಟ ಏರ್ಪಾಡನ್ನು ಇನ್ನೊಬ್ಬ ಓದಿಯೇ ಓದುತ್ತಾನೆ ಎಂಬ ಖಾತ್ರಿಯಿಲ್ಲ. ಆದ್ದರಿಂದ ಪರದೆ ತಪ್ಪಾಗಿ ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈಗ ಇದನ್ನು ಬರೆಯುತ್ತಿರುವವನು ಯಾರು?

ಲಾಗಿನ್ ಪರದೆಯ ವಿಷಯಕ್ಕೆ ಬಂದರೆ, ಅದನ್ನು ಬರೆಯುವವನು ನೀವಲ್ಲ. ಇದು ಬರೀ ಮಾತಿನ ಚಮತ್ಕಾರವಲ್ಲ, ಅಕ್ಷರಶಃ ನಿಜ. ಲಿನಕ್ಸಿನಲ್ಲಿ ಬಳಕೆದಾರರ ಪಟ್ಟಿ ಒಂದು ಫೈಲಿನಲ್ಲಿರುತ್ತದೆ. ಅದನ್ನು ತೆರೆದು ನೋಡಿದರೆ ನಿಮ್ಮ ಹೆಸರಿನ ಜೊತೆಗೆ ನೀವು ಎಂದೂ ಕಾಣದ ಹತ್ತಾರು ಹೆಸರುಗಳಿರುತ್ತವೆ. ಉಬುಂಟು, ಫೆಡೋರಾಗಳಲ್ಲಿ ‘ಜಿಡಿಎಂ’ ಎಂಬ ಬಳಕೆದಾರ ಇರುತ್ತಾನೆ. ಲೈಟ್‌ಡಿಎಂ ಎಂಬ ಡಿಸ್‌ಪ್ಲೇ ಮ್ಯಾನೇಜರ್ ಇರುವ ಕಡೆ ‘ಲೈಟ್‌ಡಿಎಂ’, ಕೆಡಿಇ ಡೆಸ್ಕ್‌ಟಾಪ್ ಇರುವ ಬಹಳಷ್ಟು ಕಡೆ ‘ಎಸ್‌ಡಿಡಿಎಂ’. ಲಾಗಿನ್ ಪರದೆ ಓಡುವುದು ಇವರ ಹೆಸರಿನಲ್ಲಿ. ಇವರಿಗೆ ತಮ್ಮದೇ ಆದ ಹೋಮ್ ಫೋಲ್ಡರ್ ಇದೆ, ಅದರೊಳಗೆ ತಮ್ಮದೇ ಆದ ಸೆಟ್ಟಿಂಗುಗಳಿವೆ. ನೀವು ಸೆಟ್ಟಿಂಗ್ಸ್ ತೆರೆದು ಮಾನಿಟರುಗಳನ್ನು ಎಳೆದು, ತಿರುಗಿಸಿ, ಅಪ್ಲೈ ಒತ್ತಿದಾಗ ಆ ಏರ್ಪಾಡು ಉಳಿಯುವುದು ನಿಮ್ಮ ಹೋಮ್ ಫೋಲ್ಡರಿನಲ್ಲಿ. ಗ್ರೀಟರ್ ಅಲ್ಲಿಗೆ ಕಾಲಿಡುವುದಿಲ್ಲ.

ಮಲೆನಾಡಿನ ಮನೆಗಳಲ್ಲಿ ಜಗಲಿ ಹೊರಗಿರುತ್ತದೆ, ನಡುಮನೆ ಒಳಗಿರುತ್ತದೆ. ಜಗಲಿಯಲ್ಲಿ ಕೂತು ಬಂದವರ ಹೆಸರು, ಊರು ವಿಚಾರಿಸುವವನಿಗೆ ಒಳಗೆ ಯಾವ ಪೆಟ್ಟಿಗೆ ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಿರಲೂಬಾರದು. ಗ್ರೀಟರ್ ಅಂಥ ಜಗಲಿಯವನು. ನೀವು ಯಾರೆಂದು ತಿಳಿಯುವ ಮೊದಲೇ ಅವನು ನಿಮ್ಮ ಕೋಣೆ ಹೊಕ್ಕು ಸೆಟ್ಟಿಂಗು ಓದುವುದಾದರೆ ಪಾಸ್‌ವರ್ಡಿಗೆ ಅರ್ಥವೇನು? ಹೋಮ್ ಫೋಲ್ಡರಿಗೆ ಗೂಢಲಿಪಿಯ ಬೀಗ ಹಾಕಿಕೊಂಡವರಿದ್ದಾರೆ, ಅವರ ಫೈಲುಗಳು ಪಾಸ್‌ವರ್ಡ್ ಕೊಟ್ಟ ಮೇಲಷ್ಟೇ ಓದಲು ಸಿಗುತ್ತವೆ. ಒಂದೇ ಕಂಪ್ಯೂಟರನ್ನು ಮೂವರು ಬಳಸುವ ಮನೆಯಲ್ಲಿ ಮೂವರ ಏರ್ಪಾಡೂ ಬೇರೆ ಬೇರೆ ಇರಬಹುದು. ಆಗ ಜಗಲಿಯವನು ಯಾರ ಮಾತು ಕೇಳಬೇಕು? ಹಾಗಾಗಿ ಈ ಬೇರ್ಪಡಿಕೆಯನ್ನು ನಾನು ಒಪ್ಪುತ್ತೇನೆ. ಅದು ಸರಿಯಾದ ವಿನ್ಯಾಸ. ತಪ್ಪಿರುವುದು ಬೇರೆ ಕಡೆ, ಅದಕ್ಕೆ ಆಮೇಲೆ ಬರುತ್ತೇನೆ.

ಲಾಕ್ ಆದಾಗ ಪರದೆ ಏಕೆ ಸರಿಯಿತ್ತು ಎಂಬುದೂ ಈಗ ತಿಳಿಯುತ್ತದೆ. ಗ್ನೋಮ್ ಮತ್ತು ಕೆಡಿಇ ಡೆಸ್ಕ್‌ಟಾಪುಗಳಲ್ಲಿ ಲಾಕ್ ಪರದೆಯನ್ನು ಬರೆಯುವುದು ನಿಮ್ಮದೇ ಸೆಷನ್. ನೀವು ಒಳಗೇ ಇದ್ದೀರಿ, ನಡುಮನೆಯ ಬಾಗಿಲನ್ನು ಒಳಗಿನಿಂದ ಮುಚ್ಚಿದೆ, ಅಷ್ಟೆ. ಎರಡೂ ಪರದೆಗಳು ನೋಡಲು ಅವಳಿಜವಳಿಯಂತಿರುವುದರಿಂದ ಜನ ಒಂದೇ ಎಂದುಕೊಳ್ಳುತ್ತಾರೆ. ಲಾಕಿನಲ್ಲಿ ಸರಿ, ಬೂಟಿನಲ್ಲಿ ತಪ್ಪು ಎಂದು ಯಾರಾದರೂ ಹೇಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ತಿದ್ದಬೇಕಾದ್ದು ಗ್ರೀಟರನ್ನು. (ಲೈಟ್‌ಡಿಎಂ ಬಳಸುವ ಕೆಲವು ಏರ್ಪಾಡುಗಳಲ್ಲಿ ಲಾಕ್ ಎಂದರೆ ಗ್ರೀಟರಿಗೇ ವಾಪಸ್ ಹೋಗುವುದು. ಅಲ್ಲಿ ಎರಡು ಕಡೆಯೂ ತಪ್ಪು ಕಾಣಬಹುದು.)

ಹಿಂದೆ ಈ ತೊಂದರೆ ಇರಲಿಲ್ಲ ಎಂಬುದು ವಿಚಿತ್ರವಾದರೂ ನಿಜ. ಲಿನಕ್ಸಿಗೆ ಕಿಟಕಿಗಳ ಪರದೆಯನ್ನು ತಂದುಕೊಟ್ಟ ಎಕ್ಸ್ ವ್ಯವಸ್ಥೆ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಅದರ ಮೊದಲ ಲಾಗಿನ್ ಪರದೆ ಎಕ್ಸ್‌ಡಿಎಂ ಬಂದದ್ದು 1988ರಲ್ಲಿ, ಬರೆದವರು ಕೀತ್ ಪ್ಯಾಕರ್ಡ್. ಹಲವು ಮಾನಿಟರುಗಳನ್ನು ಒಂದೇ ದೊಡ್ಡ ಪರದೆಯಂತೆ ಹೊಲಿಯುವ ವಿದ್ಯೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಿಂದ ಬಂತು, ಆಮೇಲೆ ಅದಕ್ಕೆ ಕ್ಸಿನೆರಾಮಾ ಎಂಬ ಹೆಸರಾಯಿತು. 1952ರಲ್ಲಿ ನ್ಯೂಯಾರ್ಕಿನಲ್ಲಿ ಮೂರು ಪ್ರೊಜೆಕ್ಟರುಗಳಿಂದ ಒಂದೇ ಬಾಗಿದ ಪರದೆಯ ಮೇಲೆ ಸಿನಿಮಾ ಬಿಟ್ಟು ಜನರನ್ನು ಬೆರಗಾಗಿಸಿದ ಸಿನೆರಾಮಾದ ನೆನಪು ಆ ಹೆಸರಿನಲ್ಲಿದೆ. ಆ ಕಾಲದಲ್ಲಿ ಮಾನಿಟರುಗಳ ಜೋಡಣೆಯನ್ನು ಇಡೀ ಯಂತ್ರಕ್ಕೆ ಸೇರಿದ ಒಂದು ಫೈಲಿನಲ್ಲಿ ಕೈಯಾರೆ ಬರೆಯಬೇಕಿತ್ತು. ಬರೆಯುವುದು ಕಷ್ಟ, ಒಂದು ಅಂಕಿ ತಪ್ಪಿದರೆ ಕಪ್ಪು ಪರದೆ. ಆದರೆ ಬರೆದದ್ದು ಎಲ್ಲರಿಗೂ ಅನ್ವಯ. ಗ್ರೀಟರೂ ಅದನ್ನೇ ಓದುತ್ತಿತ್ತು, ನೀವೂ ಅದನ್ನೇ ಓದುತ್ತಿದ್ದಿರಿ. 2007ರಲ್ಲಿ ಎಕ್ಸ್‌ನ ರ‍್ಯಾಂಡರ್ ಎಂಬ ಭಾಗದ 1.2ನೇ ಆವೃತ್ತಿ ಬಂದ ಮೇಲೆ, ಮಾನಿಟರ್ ಸಿಕ್ಕಿಸಿದ ಕೂಡಲೇ ಅದನ್ನು ಗುರುತಿಸುವುದು, ಎಡಕ್ಕೋ ಬಲಕ್ಕೋ ಸರಿಸುವುದು, ತಿರುಗಿಸುವುದು ಎಲ್ಲವನ್ನೂ ಸಾಮಾನ್ಯ ಬಳಕೆದಾರನೇ ಕೂತಲ್ಲಿಂದ ಮಾಡುವ ಹಾಗಾಯಿತು. ಎಷ್ಟು ದೊಡ್ಡ ಬಿಡುಗಡೆ ಅದು! ಆದರೆ ಏರ್ಪಾಡು ಯಂತ್ರದ ಆಸ್ತಿಯಾಗಿದ್ದದ್ದು ವ್ಯಕ್ತಿಯ ಆಸ್ತಿಯಾಯಿತು. ಅಂದಿನಿಂದ ಜಗಲಿಯವನಿಗೆ ಒಳಗಿನ ಸುದ್ದಿ ತಲುಪುವುದು ನಿಂತಿತು.

ಇನ್ನು ಚಿಕ್ಕಪ್ಪನ ಯಂತ್ರ. ಉಬುಂಟು 2011ರ 11.10ರಿಂದ ಕೆಲವು ವರ್ಷ ಲೈಟ್‌ಡಿಎಂ ಬಳಸಿ, 2017ರ 17.10ರಲ್ಲಿ ಗ್ನೋಮ್‌ನ ಜಿಡಿಎಂಗೆ ಮರಳಿತು. 24.04ರ ಜಿಡಿಎಂ ತೋರಿಸುವ ಲಾಗಿನ್ ಪರದೆ ಯಾವುದೋ ಬೇರೆ ಪುಟ್ಟ ಪ್ರೋಗ್ರಾಂ ಅಲ್ಲ. ನೀವು ಒಳಗೆ ಹೋದ ಮೇಲೆ ಬಳಸುವ ಅದೇ ಗ್ನೋಮ್ ಶೆಲ್, ಜಿಡಿಎಂ ಬಳಕೆದಾರನ ಹೆಸರಿನಲ್ಲಿ, ಮಿತವಾದ ವೇಷದಲ್ಲಿ ಓಡುತ್ತಿರುತ್ತದೆ. ಇದು ನಮಗೆ ಅನುಕೂಲ. ಭಾಷೆ ಒಂದೇ ಆದ್ದರಿಂದ, ನಿಮಗಾಗಿ ಬರೆದ ಫೈಲನ್ನೇ ಅವನಿಗೆ ಕೊಟ್ಟರೆ ಅವನು ಓದಬಲ್ಲ.

ಆ ಫೈಲಿನ ಹೆಸರು ಮಾನಿಟರ್ಸ್ ಡಾಟ್ ಎಕ್ಸ್‌ಎಂಎಲ್. ನಿಮ್ಮ ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ, ಆದ್ದರಿಂದ ಮಾಮೂಲಿಗೆ ಕಾಣದಂತೆ ಅಡಗಿರುವ ‘ಕಾನ್ಫಿಗ್’ ಫೋಲ್ಡರ್ ಒಂದಿದೆ. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಫೈಲ್ ಮ್ಯಾನೇಜರಿನಲ್ಲಿ ಅದು ಕಾಣುತ್ತದೆ. ಅದರೊಳಗೆ ಈ ಫೈಲು. ಇದನ್ನು ತೆರೆದು ಓದುವುದರಲ್ಲಿ ನನಗೆ ಸಂತೋಷವಿದೆ, ಏಕೆಂದರೆ ಕಂಪ್ಯೂಟರ್ ನಮ್ಮ ಮೇಜನ್ನು ಹೇಗೆ ಕಂಡಿದೆ ಎಂಬುದು ಇಲ್ಲಿ ಸರಳವಾಗಿ ಬರೆದಿರುತ್ತದೆ. ಪ್ರತಿ ಮಾನಿಟರಿಗೂ ಮೇಲಿನ ಎಡ ಮೂಲೆ ಎಲ್ಲಿ ಎಂಬ ಎರಡು ಅಂಕಿ, ಎಷ್ಟು ಪಟ್ಟು ದೊಡ್ಡದಾಗಿ ತೋರಿಸಬೇಕು ಎಂಬ ಅಳತೆ, ಎಷ್ಟು ಅಗಲ, ಎಷ್ಟು ಎತ್ತರ, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಾಗಬೇಕು, ಎತ್ತ ತಿರುಗಿದೆ, ಮುಖ್ಯ ಮಾನಿಟರ್ ಹೌದೇ ಎಂಬುದು. ಜಿಡಿಎಂ ಪಾಸ್‌ವರ್ಡ್ ಪೆಟ್ಟಿಗೆಯನ್ನು ತೋರಿಸುವುದು ‘ಮುಖ್ಯ’ ಎಂದು ಗುರುತಿಸಿದ ಮಾನಿಟರಿನಲ್ಲಿ. ಉಳಿದವುಗಳಲ್ಲಿ ಹಿನ್ನೆಲೆ ಬಣ್ಣ ಮಾತ್ರ. ಚಿಕ್ಕಪ್ಪನ ಗ್ರೀಟರಿಗೆ ಈ ಫೈಲು ಇರಲಿಲ್ಲವಾದ್ದರಿಂದ ಅದು ತನ್ನ ಲೆಕ್ಕದಲ್ಲಿ ಬಲಗಡೆಯದನ್ನು ಮುಖ್ಯ ಎಂದುಕೊಂಡಿತ್ತು. ಆ ಮಾನಿಟರನ್ನು ಯಾರೋ ಕೈಯಿಂದ ತಿರುಗಿಸಿ ನಿಲ್ಲಿಸಿದ್ದಾರೆಂದು ಅದಕ್ಕೆ ತಿಳಿಯುವ ದಾರಿ ಇರಲಿಲ್ಲ.

ಫೈಲಿನಲ್ಲಿ ಪ್ರತಿ ಮಾನಿಟರಿನ ಗುರುತಿಗೆ ನಾಲ್ಕು ಸಾಲುಗಳಿವೆ: ಯಾವ ಪೋರ್ಟು, ಯಾವ ತಯಾರಕ, ಯಾವ ಮಾದರಿ, ಯಾವ ಸೀರಿಯಲ್ ನಂಬರು. ಪೋರ್ಟಿನ ಹೆಸರು ಕಂಪ್ಯೂಟರಿನದು. ಉಳಿದ ಮೂರನ್ನು ಮಾನಿಟರೇ ಕೇಬಲಿನ ಮೂಲಕ ಹೇಳುತ್ತದೆ. ಪ್ರತಿ ಮಾನಿಟರಿನ ಹೊಟ್ಟೆಯಲ್ಲಿ ಇಡಿಐಡಿ ಎಂಬ ಪುಟ್ಟ ಜಾತಕ ಇರುತ್ತದೆ. 1994ರಲ್ಲಿ ವೇಸಾ ಸಂಸ್ಥೆ ರೂಪಿಸಿದ ಈ ಜಾತಕದ ಮೂಲ ಭಾಗ ಬರೀ 128 ಬೈಟ್. ಅಷ್ಟರಲ್ಲೇ ತಯಾರಕರ ಮೂರಕ್ಷರದ ಸಂಕೇತ, ತಯಾರಾದ ವಾರ ಮತ್ತು ವರ್ಷ, ಪರದೆಯ ಅಳತೆ, ಅದು ತೋರಿಸಬಲ್ಲ ರೆಸೊಲ್ಯೂಷನ್‌ಗಳು ಎಲ್ಲ ಅಡಕ. ಡೆಲ್ ಮಾನಿಟರ್ ‘ಡಿಇಎಲ್’ ಎನ್ನುತ್ತದೆ, ಸ್ಯಾಮ್‌ಸಂಗ್ ‘ಎಸ್‌ಎಎಂ’ ಎನ್ನುತ್ತದೆ. ಎಲ್‌ಜಿ ಮಾತ್ರ ‘ಜಿಎಸ್‌ಎಂ’ ಎನ್ನುತ್ತದೆ. ಆ ಕಂಪನಿಯ ಹಿಂದಿನ ಹೆಸರು ಗೋಲ್ಡ್‌ಸ್ಟಾರ್ ಆಗಿತ್ತು, ಹೆಸರು ಬದಲಾಗಿ ಮೂವತ್ತು ವರ್ಷ ಆದರೂ ಅದರ ಮಾನಿಟರುಗಳು ಹಳೆಯ ಮನೆತನದ ಹೆಸರನ್ನೇ ಹೇಳುತ್ತವೆ. ಫೈಲಿನಲ್ಲಿ ಜಿಎಸ್‌ಎಂ ಎಂದು ಕಂಡಾಗ ನನ್ನ ಮನೆಯಲ್ಲಿ ಇಂಥ ಮಾನಿಟರೇ ಇಲ್ಲವಲ್ಲ ಎಂದು ಗಾಬರಿಯಾಗುವವರಿಗೆ ಈ ಮಾತು.

ಈ ನಾಲ್ಕೂ ಸಾಲು ತಾಳೆಯಾಗಬೇಕು. ಅಷ್ಟೇ ಅಲ್ಲ, ಈಗ ಸಿಕ್ಕಿಸಿರುವ ಮಾನಿಟರುಗಳ ಗುಂಪು ಪೂರ್ತಿಯಾಗಿ ಫೈಲಿನ ಒಂದು ಗುಂಪಿಗೆ ಹೊಂದಬೇಕು. ಎರಡು ಮಾನಿಟರಿಗೆಂದು ಬರೆದದ್ದು ಮೂರನೆಯದು ಸೇರಿದ ದಿನ ಲೆಕ್ಕಕ್ಕೆ ಬರುವುದಿಲ್ಲ. ಎಚ್‌ಡಿಎಂಐಯಲ್ಲಿದ್ದ ಮಾನಿಟರನ್ನು ಡಿಸ್‌ಪ್ಲೇಪೋರ್ಟಿಗೆ ಬದಲಾಯಿಸಿದರೂ ಅಷ್ಟೇ, ಅದೇ ಮಾನಿಟರಾದರೂ ಗುರುತು ತಪ್ಪುತ್ತದೆ. ಗುರುತು ತಪ್ಪಿದರೆ ಗ್ನೋಮ್ ದೂರು ಹೇಳುವುದಿಲ್ಲ, ಸುಮ್ಮನೆ ತನ್ನ ಊಹೆಗೆ ಮರಳುತ್ತದೆ. ಇದೇ ಜಾಗದಲ್ಲಿ ಇನ್ನೊಂದು ಗೊಂದಲವೂ ಇದೆ. ಒಂದೇ ತೂತಿಗೆ ಬೇರೆ ಬೇರೆಯವರು ಬೇರೆ ಹೆಸರಿಡುತ್ತಾರೆ. ಕರ್ನಲ್ಲಿಗೆ ಅದು ‘ಎಚ್‌ಡಿಎಂಐ-ಎ-1’, ಗ್ನೋಮ್‌ಗೆ ‘ಎಚ್‌ಡಿಎಂಐ-1’, ಎಕ್ಸ್ ಮೇಲೆ ಓಡುವ ಎನ್‌ವಿಡಿಯಾ ಡ್ರೈವರಿಗೆ ‘ಎಚ್‌ಡಿಎಂಐ-0’. ನೀವು ಎಕ್ಸ್ ಸೆಷನ್ನಿನಲ್ಲಿ ಕೂತು ಮಾಡಿದ ಏರ್ಪಾಡನ್ನು ಎಕ್ಸ್‌ನ ಜಾಗಕ್ಕೆ ಬಂದಿರುವ ವೇಲ್ಯಾಂಡ್ ಮೇಲೆ ಓಡುವ ಗ್ರೀಟರಿಗೆ ಕೊಟ್ಟರೆ ಈ ಹೆಸರುಗಳೇ ಅಡ್ಡ ಬರಬಹುದು. ಎರಡೂ ಒಂದೇ ಬಗೆಯದಾಗಿರುವಂತೆ ನೋಡಿಕೊಳ್ಳುವುದು ಸುರಕ್ಷಿತ.

ಚಿಕ್ಕಪ್ಪನಿಗೆ ಫೋನಿನಲ್ಲೇ ಹೇಳಿದ್ದು ಇಷ್ಟು. ಮೊದಲು ಒಳಗೆ ಹೋಗಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ಪುಟದಲ್ಲಿ ಎಲ್ಲವೂ ಬೇಕಾದಂತಿದೆಯೇ ನೋಡಿ, ಎಡಗಡೆಯದೇ ಮುಖ್ಯ ಎಂದು ಗುರುತಿಸಿ ಅಪ್ಲೈ ಒತ್ತುವುದು. ಆಮೇಲೆ ಟರ್ಮಿನಲ್ ತೆರೆದು, ಯಂತ್ರದ ಒಡೆಯನಾದ ರೂಟ್‌ನ ಹಕ್ಕು ಕೊಡುವ ‘ಸುಡೊ’ ಹಚ್ಚಿ, ಆ ಫೈಲನ್ನು ಜಿಡಿಎಂನ ಮನೆಗೆ ಕಾಪಿ ಮಾಡುವುದು. ಉಬುಂಟು, ಡೆಬಿಯನ್‌ಗಳಲ್ಲಿ ಆ ಮನೆ ‘ವರ್’ ಫೋಲ್ಡರಿನೊಳಗಿನ ‘ಲಿಬ್’ನೊಳಗಿನ ‘ಜಿಡಿಎಂ3’. ಫೆಡೋರಾದಲ್ಲಿ ಕೊನೆಯ ಮೂರು ಇಲ್ಲ, ಬರೀ ‘ಜಿಡಿಎಂ’. ಅಲ್ಲಿಯೂ ಚುಕ್ಕಿಯ ‘ಕಾನ್ಫಿಗ್’ ಫೋಲ್ಡರ್ ಇರಬೇಕು, ಇಲ್ಲದಿದ್ದರೆ ಮಾಡಿಕೊಳ್ಳಬೇಕು. ಕೊನೆಯದಾಗಿ, ಕಾಪಿಯಾದ ಫೈಲಿನ ಒಡೆತನವನ್ನು ಆ ಬಳಕೆದಾರನಿಗೆ ಬರೆದುಕೊಡಬೇಕು. ಉಬುಂಟುವಿನಲ್ಲಿ ಅವನ ಹೆಸರು ‘ಜಿಡಿಎಂ’, ಡೆಬಿಯನ್ನಿನಲ್ಲಿ ‘ಡೆಬಿಯನ್-ಜಿಡಿಎಂ’. ಸುಡೊದಿಂದ ಕಾಪಿ ಮಾಡಿದ ಫೈಲು ರೂಟ್‌ನ ಸೊತ್ತಾಗಿ ಉಳಿದು, ಓದುವ ಅನುಮತಿಯೂ ಇಲ್ಲದಿದ್ದರೆ, ಕೊಟ್ಟೂ ಕೊಡದ ಹಾಗೆ. ಈ ಕೊನೆಯ ಹೆಜ್ಜೆಯನ್ನು ಮರೆತು, ಮಾಡಿದ್ದು ಫಲಿಸಲಿಲ್ಲ ಎಂದು ಕೈಬಿಡುವವರು ಬಹಳ. ರೀಸ್ಟಾರ್ಟ್ ಮಾಡಿದಾಗ ಲಾಗಿನ್ ಪೆಟ್ಟಿಗೆ ಎಡಗಡೆಯ ಮಾನಿಟರಿನಲ್ಲಿ ನೆಟ್ಟಗೆ ಬಂತು. ನಿಲ್ಲಿಸಿದ ಮಾನಿಟರಿನಲ್ಲಿ ಬರೀ ಬಣ್ಣ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಅಕ್ಷರಗಳು ಸಣ್ಣಗೆ ಕಾಣುತ್ತವೆಂದು ಶೇಕಡ 125 ಅಥವಾ 150ರ ಅಳತೆ ಇಟ್ಟುಕೊಂಡವರು ಉಬುಂಟುವಿನಲ್ಲಿ ಫ್ರ್ಯಾಕ್ಷನಲ್ ಸ್ಕೇಲಿಂಗ್ ಎಂಬ ಗುಂಡಿಯನ್ನು ಒತ್ತಿರುತ್ತಾರೆ. ಆ ಗುಂಡಿಯ ಸ್ಥಿತಿ ಉಳಿಯುವುದು ಮಾನಿಟರ್ಸ್ ಫೈಲಿನಲ್ಲಲ್ಲ, ನಿಮ್ಮ ಬೇರೊಂದು ಖಾಸಗಿ ಸೆಟ್ಟಿಂಗಿನಲ್ಲಿ. ಗ್ರೀಟರಿಗೆ ಆ ಗುಂಡಿ ಒತ್ತಿರುವುದಿಲ್ಲ. ಆದ್ದರಿಂದ ಒಂದೂವರೆ ಪಟ್ಟು ಎಂದು ಬರೆದ ಫೈಲು ಅದರ ಕೈಗೆ ಹೋದಾಗ, ಇದು ನನ್ನಿಂದಾಗದ ಅಳತೆ ಎಂದು ಇಡೀ ಏರ್ಪಾಡನ್ನೇ ತಳ್ಳಿಹಾಕಬಹುದು. ತಿರುಗಿಸಿದ್ದೂ ಹೋಯಿತು, ಮುಖ್ಯ ಮಾನಿಟರೂ ಹೋಯಿತು. ಫೈಲಿನಲ್ಲಿ ಕೈಯಾರೆ 1.5 ಅಳಿಸಿ 1 ಎಂದು ಬರೆದರೆ ಸಾಲದು. ಅಳತೆ ಬದಲಾದರೆ ಪಕ್ಕದ ಮಾನಿಟರಿನ ಮೂಲೆಯ ಅಂಕಿಗಳೂ ಬದಲಾಗಬೇಕು, ನಡುವೆ ಸಂದಿ ಬಿಟ್ಟರೆ ಗ್ನೋಮ್ ಒಪ್ಪುವುದಿಲ್ಲ. ನಾನು ಮಾಡುವ ಉಪಾಯ ಹೀಗಿದೆ: ಸೆಟ್ಟಿಂಗ್ಸಿನಲ್ಲಿ ಸ್ವಲ್ಪ ಹೊತ್ತು ಆ ಗುಂಡಿಯನ್ನು ಆರಿಸಿ, ಶೇಕಡ 100 ಅಥವಾ 200 ಇಟ್ಟು ಅಪ್ಲೈ ಮಾಡಿ, ಆಗ ಹುಟ್ಟುವ ಫೈಲನ್ನು ಗ್ರೀಟರಿಗೆ ಕೊಟ್ಟು, ಮತ್ತೆ ನನಗೆ ಬೇಕಾದ ಅಳತೆಗೆ ಮರಳುವುದು. ಅಂಕಿಗಳ ಲೆಕ್ಕವನ್ನು ಗ್ನೋಮೇ ಮಾಡಿಕೊಡುತ್ತದೆ.

ಲಿನಕ್ಸ್ ಮಿಂಟ್ ಬಳಸುವವರ ಕಥೆ ಬೇರೆ. ಅಲ್ಲಿರುವುದು ಲೈಟ್‌ಡಿಎಂ, ಅದರ ಮುಖ ಸ್ಲಿಕ್ ಗ್ರೀಟರ್. ಈ ಪದ್ಧತಿಯಲ್ಲಿ ಲಾಗಿನ್ ಪೆಟ್ಟಿಗೆ ಮೌಸಿನ ಬಾಣ ಇರುವ ಮಾನಿಟರಿಗೆ ಹಿಂಬಾಲಿಸಿಕೊಂಡು ಬರುತ್ತದೆ. ಇದು ನನಗೆ ಬಹಳ ಇಷ್ಟವಾದ ವಿನಯ. ಯಾವ ಮಾನಿಟರ್ ಮುಖ್ಯ ಎಂದು ಊಹಿಸುವುದಕ್ಕಿಂತ ಮನುಷ್ಯನ ಕೈ ಎತ್ತ ಹೋಗುತ್ತಿದೆ ಎಂದು ನೋಡುವುದು ಒಳ್ಳೆಯದಲ್ಲವೇ? ಟಿವಿಗೆ ಸಿಕ್ಕಿಸಿದ ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆ ಕಾಣದಿದ್ದರೆ ಮೌಸನ್ನು ಎಡಕ್ಕೂ ಬಲಕ್ಕೂ ಜೋರಾಗಿ ಸರಿಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಒಂದೇ ಮಾನಿಟರಿಗೆ ಕಟ್ಟಿಹಾಕಬೇಕೆಂದಿದ್ದರೆ ಮಿಂಟ್‌ನ ಲಾಗಿನ್ ವಿಂಡೋ ಎಂಬ ಸೆಟ್ಟಿಂಗ್ಸ್ ಪುಟದಲ್ಲಿ ಅದಕ್ಕೆ ಜಾಗವಿದೆ. ಲೈಟ್‌ಡಿಎಂನ ಇನ್ನೊಂದು ಮುಖವಾದ ಜಿಟಿಕೆ ಗ್ರೀಟರಿನಲ್ಲೂ ‘ಆಕ್ಟಿವ್ ಮಾನಿಟರ್’ ಎಂಬ ಸಾಲಿದೆ, ಅಲ್ಲಿ ಮಾನಿಟರಿನ ಹೆಸರೋ ಅಂಕಿಯೋ ಬರೆಯಬಹುದು.

ಆದರೆ ತಿರುಗಿಸುವುದು, ಒಂದನ್ನು ಪೂರ್ತಿ ಆರಿಸುವುದು ಮುಂತಾದವಕ್ಕೆ ಲೈಟ್‌ಡಿಎಂ ಬೇರೊಂದು ಬಾಗಿಲು ಇಟ್ಟಿದೆ. ಗ್ರೀಟರ್ ಮೂಡುವ ಮೊದಲು ಓಡಬೇಕಾದ ಒಂದು ಸ್ಕ್ರಿಪ್ಟನ್ನು ಅದರ ಕಾನ್ಫಿಗರೇಷನ್ ಫೈಲಿನಲ್ಲಿ ಹೆಸರಿಸಬಹುದು. ಆ ಸ್ಕ್ರಿಪ್ಟಿನೊಳಗೆ ಎಕ್ಸ್‌ರ‍್ಯಾಂಡರ್ ಆಜ್ಞೆ: ಇಂಥ ಪೋರ್ಟು ಮುಖ್ಯ, ಇಂಥದ್ದು ಅದರ ಬಲಕ್ಕೆ, ಇಂಥದ್ದನ್ನು ತಿರುಗಿಸು, ಇಂಥದ್ದನ್ನು ಆರಿಸು. ಲ್ಯಾಪ್‌ಟಾಪಿನ ಸ್ವಂತ ಪರದೆ ಇಲ್ಲಿ ‘ಇಡಿಪಿ’ ಎಂಬ ಹೆಸರಿನಲ್ಲಿ ಕಾಣುತ್ತದೆ. ಈ ಸ್ಕ್ರಿಪ್ಟ್ ರೂಟ್‌ನ ಹಕ್ಕಿನಲ್ಲಿ ಓಡುತ್ತದೆ, ಆದ್ದರಿಂದ ಅದನ್ನು ಬೇರೆಯವರು ತಿದ್ದಲಾಗದಂತೆ ಇಡಬೇಕು. ಇನ್ನೂ ಮುಖ್ಯವಾದದ್ದು, ಸ್ಕ್ರಿಪ್ಟ್ ಸೋಲಬಾರದು. ಎರಡನೆಯ ಮಾನಿಟರ್ ಸಿಕ್ಕಿಸಿರದ ದಿನ ಎಕ್ಸ್‌ರ‍್ಯಾಂಡರ್ ತಪ್ಪು ಎಂದು ಹೇಳಿ ನಿಂತರೆ, ಲೈಟ್‌ಡಿಎಂ ಗ್ರೀಟರನ್ನೇ ಏಳಿಸುವುದಿಲ್ಲ. ಲ್ಯಾಪ್‌ಟಾಪ್ ಒಂದನ್ನೇ ಎತ್ತಿಕೊಂಡು ಊರಿಗೆ ಹೋದವರು ಕಪ್ಪು ಪರದೆಯ ಮುಂದೆ ಕೂರಬೇಕಾಗುತ್ತದೆ. ಮಾನಿಟರ್ ಇದೆಯೇ ಎಂದು ಮೊದಲು ವಿಚಾರಿಸಿ, ಏನೇ ಆದರೂ ಕೊನೆಗೆ ‘ಎಲ್ಲ ಸರಿ’ ಎಂದು ಹೇಳಿಯೇ ಸ್ಕ್ರಿಪ್ಟ್ ಮುಗಿಯುವಂತೆ ಬರೆಯಬೇಕು.

ಎಸ್‌ಡಿಡಿಎಂ ಎಕ್ಸ್ ಮೇಲೆ ಓಡುವಾಗ ಇಂಥದೇ ಒಂದು ಸ್ಕ್ರಿಪ್ಟ್ ಇದೆ, ಎಕ್ಸ್‌ಸೆಟಪ್ ಎಂದು ಹೆಸರು. ಆದರೆ ಕೆಡಿಇ ಬಳಸುವವರು ಅಷ್ಟು ಕೆಳಗೆ ಇಳಿಯುವುದು ಸಾಮಾನ್ಯವಾಗಿ ಬೇಕಿಲ್ಲ. ಸಿಸ್ಟಂ ಸೆಟ್ಟಿಂಗ್ಸಿನ ಲಾಗಿನ್ ಸ್ಕ್ರೀನ್ ಪುಟದಲ್ಲಿ ‘ಅಪ್ಲೈ ಪ್ಲಾಸ್ಮಾ ಸೆಟ್ಟಿಂಗ್ಸ್’ ಎಂಬ ಗುಂಡಿ ಇದೆ. ಒತ್ತಿದರೆ ನಿಮ್ಮ ಬಣ್ಣ, ಅಕ್ಷರ, ಮಾನಿಟರುಗಳ ಜೋಡಣೆ ಎಲ್ಲ ಲಾಗಿನ್ ಪರದೆಗೂ ಪ್ರತಿಯಾಗುತ್ತದೆ.

ನಾನು ಮೊದಲು ತಪ್ಪಿರುವುದು ಬೇರೆ ಕಡೆ ಎಂದದ್ದು ಇದಕ್ಕೇ. ಜಗಲಿ ಬೇರೆ, ನಡುಮನೆ ಬೇರೆ ಎಂಬುದು ಸರಿ. ಆದರೆ ಮನೆಯ ಯಜಮಾನ ತಾನೇ ಬಂದು ‘ಇದೊಂದು ಪ್ರತಿ ಜಗಲಿಯವನಿಗೂ ಇರಲಿ’ ಎಂದು ಕೊಡಲು ಒಂದು ಕೈಗೆಟಕುವ ದಾರಿ ಬೇಡವೇ? ಕೆಡಿಇ ಆ ದಾರಿ ಮಾಡಿದೆ. ಉಬುಂಟು 24.04ರ ಸೆಟ್ಟಿಂಗ್ಸಿನಲ್ಲಿ ಅದು ಇಲ್ಲ. ಎಪ್ಪತ್ತರ ಹತ್ತಿರದ ಮೇಷ್ಟ್ರೊಬ್ಬರು ಅಡಗಿದ ಫೋಲ್ಡರು, ಒಡೆತನ, ಸುಡೊ ಎಂದು ಫೋನಿನಲ್ಲಿ ಕೇಳಿ ಕೇಳಿ ಟೈಪು ಮಾಡಬೇಕಾಯಿತು. ಫೈಲು ಒಂದೇ, ಭಾಷೆ ಒಂದೇ, ಬೇಕಿರುವುದು ಪಾಸ್‌ವರ್ಡ್ ಕೇಳಿ ಕಾಪಿ ಮಾಡುವ ಒಂದು ಗುಂಡಿ. ಲಿನಕ್ಸನ್ನು ಪ್ರೋಗ್ರಾಮರುಗಳಾಚೆಗೂ ಒಯ್ಯಬೇಕೆಂದು ಬಯಸುವ ನಮ್ಮಂಥವರು ಇಂಥ ಸಣ್ಣ ಗುಂಡಿಗಳಿಗಾಗಿ ದನಿ ಎತ್ತಬೇಕು. ಜನ ಲಿನಕ್ಸ್ ಬಿಟ್ಟುಹೋಗುವುದು ಕರ್ನಲ್ಲಿನ ದೋಷದಿಂದಲ್ಲ. ಬೆಳಗಿನ ಮೊದಲ ನಿಮಿಷದಲ್ಲಿ ಕತ್ತು ವಾಲಿಸಬೇಕಾಗುವುದರಿಂದ.

ಗ್ರೀಟರ್ ಯಾವುದೇ ಇರಲಿ, ಎಕ್ಸ್ ಮೇಲೆಯೇ ಓಡುವ ಯಂತ್ರಗಳಲ್ಲಿ ಆ ಹಳೆಯ ಪದ್ಧತಿ ಇನ್ನೂ ಜೀವಂತವಾಗಿದೆ. ಇಡೀ ಯಂತ್ರಕ್ಕೆ ಸೇರಿದ ಎಕ್ಸ್ ಕಾನ್ಫಿಗರೇಷನ್ನಿನಲ್ಲಿ ಪ್ರತಿ ಮಾನಿಟರಿಗೆ ಒಂದು ತುಣುಕು ಬರೆದು, ಮುಖ್ಯವೇ, ತಿರುಗಿದೆಯೇ, ಯಾವುದರ ಬಲಕ್ಕೆ ಎಂದು ಹೇಳಿದರೆ ಗ್ರೀಟರೂ ಕೇಳುತ್ತದೆ. ಅದಕ್ಕೂ ಮೊದಲಿನ, ಅಂದರೆ ಕರ್ನಲ್ ಬರೆಯುವ ಪರದೆಯನ್ನೇ ತಿದ್ದಬೇಕಿದ್ದರೆ ಬೂಟ್ ಸಾಲಿನಲ್ಲಿ ‘ವಿಡಿಯೊ’ ಎಂಬ ಮಾತನ್ನು ಸೇರಿಸಿ ಒಂದು ಪೋರ್ಟನ್ನು ಆರಿಸಬಹುದು. ಆದರೆ ಆರಿಸಿದ ಪೋರ್ಟು ಮುಂದಿನ ಎಲ್ಲರಿಗೂ ಆರಿದ್ದೇ. ಎಂದೂ ಬಳಸದ ಪೋರ್ಟಿಗಷ್ಟೇ ಆ ಮದ್ದು.

ಏನಾದರೂ ಮಾಡುವ ಮೊದಲು, ಪೆಟ್ಟಿಗೆಯೇ ಕಾಣದೆ ಹೊರಗೆ ನಿಂತವರಿಗೆ ಎರಡು ಮಾತು. ಮನೆಯಲ್ಲಿ ಒಬ್ಬರೇ ಬಳಕೆದಾರರಿದ್ದರೆ ಜಿಡಿಎಂನಲ್ಲಿ ಕಣ್ಣುಮುಚ್ಚಿಯೂ ಒಳಗೆ ಹೋಗಬಹುದು: ಎಂಟರ್ ಒತ್ತಿ, ಒಂದು ಗಳಿಗೆ ಬಿಟ್ಟು ಪಾಸ್‌ವರ್ಡ್ ಟೈಪು ಮಾಡಿ, ಮತ್ತೆ ಎಂಟರ್. ಅದೂ ಆಗದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರಗಳಷ್ಟೇ ಇರುವ ಕಪ್ಪು ಪರದೆ ಬರುತ್ತದೆ. ಅಲ್ಲಿಂದ ಲಾಗಿನ್ ಆಗಿ ಫೈಲು ತಿದ್ದಬಹುದು. ಕನ್ನಡ ಟೈಪು ಮಾಡುವವರು ಒಂದನ್ನು ನೆನಪಿಡಬೇಕು. ಕೀಬೋರ್ಡಿನ ವಿನ್ಯಾಸವೂ ಮಾನಿಟರಿನ ಜೋಡಣೆಯಂತೆಯೇ, ನಿಮ್ಮದು ಬೇರೆ, ಗ್ರೀಟರಿನದು ಬೇರೆ. ಗ್ರೀಟರಿನಲ್ಲಿ ಕಗಪ ವಿನ್ಯಾಸ ಆಯ್ಕೆಯಾಗಿ ಕೂತಿದ್ದರೆ ನೀವು ಒತ್ತಿದ ಇಂಗ್ಲಿಷ್ ಪಾಸ್‌ವರ್ಡ್ ಕನ್ನಡ ಅಕ್ಷರಗಳಾಗಿ ಹೋಗುತ್ತದೆ, ಕಾಣುವುದು ಚುಕ್ಕಿಗಳು ಮಾತ್ರ. ಮೂಲೆಯಲ್ಲಿ ಭಾಷೆಯ ಗುರುತು ಇದೆಯೇ ನೋಡಿಕೊಳ್ಳಿ. ಇನ್ನೊಂದು ಸಂತೋಷದ ವಿಷಯ, ಬಳಕೆದಾರನ ಪೂರ್ಣ ಹೆಸರಿನ ಜಾಗದಲ್ಲಿ ಕನ್ನಡದಲ್ಲೇ ಬರೆದರೆ ಲಾಗಿನ್ ಪರದೆ ಅದನ್ನು ಕನ್ನಡದಲ್ಲೇ ತೋರಿಸುತ್ತದೆ. ಚಿಕ್ಕಪ್ಪನ ಯಂತ್ರದಲ್ಲಿ ಹಾಗೆ ಮಾಡಿಕೊಟ್ಟಿದ್ದೇನೆ.

ಆ ದುರಸ್ತಿಯಾಗಿ ಮೂರು ತಿಂಗಳಿಗೆ ಮತ್ತೆ ಫೋನ್ ಬಂತು. ಪೆಟ್ಟಿಗೆ ಮತ್ತೆ ನಿಲ್ಲಿಸಿದ ಮಾನಿಟರಿಗೆ ಹೋಗಿ ಮಲಗಿದೆಯಂತೆ. ಫೈಲು ಇದೆಯೇ ನೋಡಿ ಎಂದು ನಾನು ಶುರು ಮಾಡುವಷ್ಟರಲ್ಲಿ ಅವರೇ ತಡೆದರು.

"ತಡಿ ತಡಿ. ನಿನ್ನೆ ಮೇಜು ಗುಡಿಸಲಿಕ್ಕೆ ಅಂತ ನಿಮ್ಮ ಚಿಕ್ಕಮ್ಮ ತಂತಿಯೆಲ್ಲ ಕಿತ್ತಿದ್ದಳು. ವಾಪಸ್ ಸಿಕ್ಕಿಸಿದವ ನಾನು. ಅದು ಬೇರೆ ತೂತಿಗೆ ಹೋಗಿರಬೇಕು."

ಆ ಕಡೆ ಮೇಜು ಎಳೆದ ಸದ್ದು. ಆಮೇಲೆ ಕಂಪ್ಯೂಟರ್ ಶುರುವಾಗುವ ತನಕ ಇಬ್ಬರೂ ಫೋನ್ ಹಿಡಿದು ಸುಮ್ಮನೆ ಕಾದೆವು.

"ಬಂತು ನೋಡು," ಎಂದರು, "ನೆಟ್ಟಗೆ."